ಮುರಿದ ಫ್ಯಾನ್ ಮತ್ತು ಆಕಾಶದ ಕುಲುಮೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಹೀಗೆ ಬರೆದಿದ್ದರು: ಬಾಹ್ಯಾಕಾಶ ನಿಲ್ದಾಣದಲ್ಲಿ ಲೋಹ ಕರಗಿಸಿ ಮತ್ತೆ ಗಟ್ಟಿ ಮಾಡಿ ನೋಡುತ್ತಾರಂತೆ, ಭೂಮಿಯ ಮೇಲೆ ಕುಲುಮೆಗೆ ಬರ ಬಂದಿದೆಯಾ, ಅದೇ ದುಡ್ಡಿನಲ್ಲಿ ಎಷ್ಟು ಊರಿಗೆ ರಸ್ತೆ ಆಗುತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ರಸ್ತೆ ಬೇಕು. ಮಳೆಗಾಲದಲ್ಲಿ ಘಟ್ಟ ಹತ್ತಿ ಇಳಿಯುವ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಕುಲುಮೆಯ ಪ್ರಶ್ನೆ ಕೇಳಿದ್ದು ಒಳ್ಳೆಯದೇ ಆಯಿತು. ಅದಕ್ಕೆ ಉತ್ತರ ಇದೆ. ಆ ಉತ್ತರ ನಮ್ಮ ಬಂದರಿನಲ್ಲಿ ನಿಂತ ಬೋಟುಗಳ ತನಕ ಬರುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಹುಟ್ಟಿದ್ದು ಸಿದ್ದಾಪುರದ ಕಡೆ, ಹೊಟ್ಟೆಪಾಡು ಕಾರವಾರದಲ್ಲಿ. ಬೈತಖೋಲ ಬಂದರಿನ ಬೋಟುಗಳಿಗೆ ಶಾಫ್ಟ್, ಬುಶ್, ಫ್ಯಾನ್ ಕೆಲಸ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನನ್ನದು. ಪುಸ್ತಕದಲ್ಲಿ ಪ್ರೊಪೆಲರ್ ಅನ್ನುವುದನ್ನು ನಮ್ಮ ಮೀನುಗಾರರು ಫ್ಯಾನ್ ಅಂತಲೇ ಕರೆಯುವುದು. ಕೆಲವು ವರ್ಷಗಳ ಹಿಂದೆ ಪರಿಚಯದವರ ಟ್ರಾಲ್ ಬೋಟಿಗೆ ಹೊಸ ಗನ್‌ಮೆಟಲ್ ಫ್ಯಾನ್ ಹಾಕಿದ್ದೆವು. ಬೇರೆ ಊರಿನ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ದದ್ದು. ನೋಡಲು ಚಿನ್ನದ ಹಾಗೆ ಹೊಳೆಯುತ್ತಿತ್ತು. ಒಂದು ಸೀಸನ್ ಪೂರ್ತಿ ಓಡಲಿಲ್ಲ, ದೇವಗಡ ದ್ವೀಪದ ಆಚೆ ಒಂದು ಎಸಳು ಬುಡದಲ್ಲೇ ಮುರಿದು ಸಮುದ್ರಕ್ಕೆ ಹೋಯಿತು. ಗಾಳಿ ಎದ್ದಿತ್ತು. ಬೋಟಿನಲ್ಲಿ ಏಳು ಜನ ಇದ್ದರು. ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ಎಳೆದುಕೊಂಡು ಬಂದರು, ಜೀವ ಉಳಿಯಿತು.

ಫ್ಯಾನ್ ಬಿಚ್ಚಿ ಮುರಿದ ಜಾಗ ನೋಡಿದೆ. ಇಡ್ಲಿ ಮುರಿದರೆ ಒಳಗೆ ಕಾಣುತ್ತದಲ್ಲ, ಹಾಗೆ ಸಣ್ಣ ಸಣ್ಣ ತೂತು. ಹೊರಗಡೆಯಿಂದ ಒಂದೂ ಕಾಣುತ್ತಿರಲಿಲ್ಲ. ಫೌಂಡ್ರಿಯವರನ್ನು ಕೇಳಿದರೆ "ಗನ್‌ಮೆಟಲ್ ಅಂದ್ರೆ ಹಾಗೇ, ಒಂದೊಂದು ಸಲ ಆಗ್ತದೆ" ಅಂದರು. ಒಂದೊಂದು ಸಲ ಯಾಕೆ ಆಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ಮೇಲೆ ನಾನು ಒಂದು ಕೆಲಸ ಮಾಡಿದೆ. ಉಳಿದ ಎಸಳಿನಿಂದ ಒಂದು ತುಂಡು ಕತ್ತರಿಸಿದೆ. ಎಮರಿ ಕಾಗದದಲ್ಲಿ ಒರಟಿನಿಂದ ನಯಕ್ಕೆ ಒಂದೊಂದೇ ನಂಬರ್ ಏರಿಸುತ್ತಾ ಕನ್ನಡಿಯ ಹಾಗೆ ಆಗುವ ತನಕ ಉಜ್ಜಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಫೆರಿಕ್ ಕ್ಲೋರೈಡ್ ನೀರಿಗೆ ಹಾಕಿ ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ತೊಳೆದು ಲೆನ್ಸ್ ಹಿಡಿದೆ. ಲೋಹದೊಳಗೆ ಕಾಡು ಕಂಡಿತು ಅಂದರೆ ನಂಬುತ್ತೀರಾ? ಒಂದು ಕಾಂಡ, ಅದರ ಎರಡು ಕಡೆ ಕೊಂಬೆ, ಕೊಂಬೆಗೆ ಮರಿ ಕೊಂಬೆ. ಜರಿಗಿಡದ ಎಲೆಯ ಹಾಗೆ. ಆ ಕೊಂಬೆಗಳ ಸಂದಿನಲ್ಲೇ ಕಪ್ಪು ತೂತುಗಳು ಕೂತಿದ್ದವು. ಆ ದಿನದಿಂದ ಈ ವಿಷಯ ಸಿಕ್ಕಲ್ಲೆಲ್ಲ ಓದುತ್ತಾ ಬಂದಿದ್ದೇನೆ.

ಈ ಮರಗಳಿಗೆ ಡೆಂಡ್ರೈಟ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಮರ ಅನ್ನುವುದಕ್ಕೆ ಇರುವ ಪದದಿಂದಲೇ ಬಂದ ಹೆಸರು. ಒಂದೇ ಲೋಹ ಆದರೆ ಅದು ಒಂದೇ ಬಿಸಿಯಲ್ಲಿ ಗಟ್ಟಿಯಾಗುತ್ತದೆ. ಹೆಚ್ಚಿನ ಮಿಶ್ರಲೋಹ ಹಾಗಲ್ಲ. ಗನ್‌ಮೆಟಲ್‌ನಲ್ಲಿ ತಾಮ್ರ ಜಾಸ್ತಿ, ತವರ ಸುಮಾರು ಶೇ. 10, ಸ್ವಲ್ಪ ಸತು. ಅದು ಸಾವಿರ ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗಲು ಶುರು ಮಾಡಿದರೆ ಮುಗಿಯುವುದು ಎಂಟುನೂರು ಚಿಲ್ಲರೆ ಡಿಗ್ರಿಗೆ. ಈ ನಡುವಿನ ಹೊತ್ತಿನಲ್ಲಿ ಅದು ಅತ್ತ ನೀರೂ ಅಲ್ಲ ಇತ್ತ ಕಲ್ಲೂ ಅಲ್ಲ, ಅಂಬಲಿ. ಮೊದಲು ತಾಮ್ರ ಜಾಸ್ತಿ ಇರುವ ಮರಗಳು ಹುಟ್ಟುತ್ತವೆ. ಅವು ಬೆಳೆಯುತ್ತಾ ತಮಗೆ ಬೇಡದ ತವರವನ್ನು ಪಕ್ಕಕ್ಕೆ ತಳ್ಳುತ್ತವೆ. ಕೊನೆಗೆ ಕೊಂಬೆಗಳ ಸಂದಿನಲ್ಲಿ ತವರ ಜಾಸ್ತಿ ಇರುವ ದ್ರವ ಸಿಕ್ಕಿಹಾಕಿಕೊಳ್ಳುತ್ತದೆ. ಲೋಹ ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಹೊಸ ದ್ರವ ಆ ಇಕ್ಕಟ್ಟಿನ ಸಂದಿಗೆ ಬರಬೇಕು, ಬರಲಾಗದಿದ್ದರೆ ತೂತು ಉಳಿಯುತ್ತದೆ. ನಮ್ಮ ಫ್ಯಾನ್ ಮುರಿದದ್ದು ಅಲ್ಲಿ.

ಹಾಗಾದರೆ ಎರಕದ ಗಟ್ಟಿತನ ಈ ಮರಗಳ ಕೈಯಲ್ಲಿದೆ. ಮರ ಎಷ್ಟು ದಪ್ಪ, ಕೊಂಬೆಗೂ ಕೊಂಬೆಗೂ ಎಷ್ಟು ಅಂತರ, ಯಾವ ಕಡೆಗೆ ಬೆಳೆಯಿತು, ಇದನ್ನು ಮೊದಲೇ ಲೆಕ್ಕ ಹಾಕಿ ಹೇಳಲು ಆದರೆ ಅಚ್ಚನ್ನು ಅದಕ್ಕೆ ತಕ್ಕ ಹಾಗೆ ಮಾಡಬಹುದು. ಇಲ್ಲೇ ಭೂಮಿಯ ಸೆಳೆತ ಅಡ್ಡ ಬರುವುದು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ಜೋನಿ ಬೆಲ್ಲ ಸಾಕು. ಆಲೆಮನೆಯಿಂದ ತಂದ ಜೋನಿ ಬೆಲ್ಲದ ಡಬ್ಬಿಯನ್ನು ನಾಲ್ಕು ತಿಂಗಳು ಅಲ್ಲಾಡಿಸದೆ ಇಟ್ಟು ಮುಚ್ಚಳ ತೆಗೆಯಿರಿ. ಕೆಳಗೆ ಹರಳು ಕೂತಿರುತ್ತದೆ, ಮೇಲೆ ತೆಳ್ಳನೆಯ ರಸ ನಿಂತಿರುತ್ತದೆ. ಹರಳು ರಸಕ್ಕಿಂತ ಭಾರ, ಅದಕ್ಕೆ ಕೆಳಗಿಳಿಯಿತು. ಡಬ್ಬಿಯ ಮೇಲಿನ ಚಮಚಕ್ಕೂ ತಳದ ಚಮಚಕ್ಕೂ ರುಚಿಯೇ ಬೇರೆ. ಕರಗಿದ ಲೋಹದಲ್ಲೂ ಇದೇ ಆಗುತ್ತದೆ. ಭಾರದ ಹರಳು ಮುಳುಗುತ್ತದೆ, ಹಗುರದ್ದು ತೇಲುತ್ತದೆ. ಬಿಸಿ ದ್ರವ ಮೇಲಕ್ಕೆ, ತಣ್ಣನೆಯದು ಕೆಳಕ್ಕೆ ಹರಿಯುತ್ತಾ ಒಳಗೊಳಗೇ ಸುಳಿ ಏಳುತ್ತದೆ. ಮರ ಬೆಳೆಯುವ ಜಾಗದಲ್ಲಿ ಗಾಳಿ ಮಳೆ ಎರಡೂ ಹೊಡೆದ ಹಾಗೆ. ಆಗ ಮರದ ಸ್ವಂತ ಗುಣ ಯಾವುದು, ಗಾಳಿ ಬಗ್ಗಿಸಿದ್ದು ಯಾವುದು ಅಂತ ಬೇರೆ ಮಾಡುವುದು ಹೇಗೆ? ಕುಲುಮೆಯ ಬೆಂಕಿ ಆರಿಸಬಹುದು. ಭೂಮಿಯ ಸೆಳೆತವನ್ನು ಆರಿಸುವ ಸ್ವಿಚ್ ಯಾವ ಫೌಂಡ್ರಿಯಲ್ಲೂ ಇಲ್ಲ.

ಸ್ವಿಚ್ ಇಲ್ಲದಿದ್ದರೂ ಒಂದು ದಾರಿ ಇದೆ, ಬೀಳುವುದು. ಬೀಳುತ್ತಿರುವ ಡಬ್ಬಿಯೊಳಗೆ ಎಲ್ಲವೂ ಒಟ್ಟಿಗೇ ಬೀಳುವುದರಿಂದ ಅಲ್ಲಿ ಭಾರ ಹಗುರ ಅನ್ನುವ ಭೇದ ಇರುವುದಿಲ್ಲ. ನಮ್ಮ ಉಂಚಳ್ಳಿ ಜಲಪಾತ 116 ಮೀಟರ್. ಗಾಳಿಯ ತಡೆ ಇಲ್ಲ ಅಂತ ಇಟ್ಟುಕೊಂಡರೆ ಅಷ್ಟು ಎತ್ತರದಿಂದ ಬೀಳಲು ಐದು ಸೆಕೆಂಡೂ ಬೇಡ. ಜೋಗದ 253 ಮೀಟರ್ ಬೀಳಲು ಏಳು ಸೆಕೆಂಡ್. ಜರ್ಮನಿಯ ಬ್ರೆಮೆನ್‌ನಲ್ಲಿ ಇದಕ್ಕೆಂದೇ ಒಂದು ಗೋಪುರ ಕಟ್ಟಿದ್ದಾರೆ. ಒಳಗಿನ ಕೊಳವೆಯ ಗಾಳಿ ತೆಗೆದು ಪೆಟ್ಟಿಗೆ ಬಿಟ್ಟರೆ 4.74 ಸೆಕೆಂಡ್ ಸಿಗುತ್ತದೆ, ಹೆಚ್ಚುಕಡಿಮೆ ಉಂಚಳ್ಳಿಯಷ್ಟೇ. ನಾಲ್ಕೂಮುಕ್ಕಾಲು ಸೆಕೆಂಡಿನಲ್ಲಿ ಮರ ಎಷ್ಟು ಬೆಳೆದೀತು? ಗಂಟೆಗಟ್ಟಲೆ ಬೀಳುತ್ತಲೇ ಇರಬೇಕು ಅಂದರೆ ಭೂಮಿಯ ಸುತ್ತ ಸುತ್ತಬೇಕು. ಬಾಹ್ಯಾಕಾಶ ನಿಲ್ದಾಣ ಮಾಡುವುದು ಅದನ್ನೇ. ಅಲ್ಲಿ ಭೂಮಿಯ ಸೆಳೆತ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 400 ಕಿಲೋಮೀಟರ್ ಎತ್ತರದಲ್ಲೂ ನೆಲದ ಮೇಲಿನ ಸೆಳೆತದ ಸುಮಾರು ಶೇ. 90 ಇದ್ದೇ ಇದೆ. ನಿಲ್ದಾಣ ಭೂಮಿಯ ಕಡೆ ಬೀಳುತ್ತಲೇ ಇದೆ, ಪಕ್ಕಕ್ಕೆ ಅಷ್ಟೇ ಜೋರಾಗಿ ಓಡುವುದರಿಂದ ನೆಲ ಮುಟ್ಟುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿ ಅಲ್ಲ. 1969ರಲ್ಲೇ ರಷ್ಯಾದ ಸೊಯುಜ್ 6 ನೌಕೆಯಲ್ಲಿ ವಲೆರಿ ಕುಬಸೊವ್ ವೆಲ್ಡಿಂಗ್ ಮಾಡಿ ನೋಡಿದ್ದರು. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲಿ 1973ರಲ್ಲಿ ಕುಲುಮೆ ಇತ್ತು. ಆದರೆ ನನ್ನ ಮನಸ್ಸಿಗೆ ಜಾಸ್ತಿ ಹಿಡಿದದ್ದು ಆ ಮರಗಳನ್ನೇ ಹುಡುಕಿಕೊಂಡು ಹೋದ ಪ್ರಯೋಗ. ಮಾರ್ಟಿನ್ ಗ್ಲಿಕ್ಸ್‌ಮನ್ ಅನ್ನುವ ಅಮೆರಿಕದ ವಿಜ್ಞಾನಿಯ ತಂಡದ್ದು. ಲೋಹದೊಳಗೆ ಕಣ್ಣು ಹಾಯುವುದಿಲ್ಲ ಅಲ್ವಾ? ಅದಕ್ಕೆ ಅವರು ಸಕ್ಸಿನೋನೈಟ್ರೈಲ್ ಅನ್ನುವ ಮೇಣದಂಥ ವಸ್ತು ತೆಗೆದುಕೊಂಡರು. ಅದು ಕರಗಿದರೆ ಗಾಜಿನಷ್ಟು ತಿಳಿ, 58 ಡಿಗ್ರಿಗೇ ಕರಗುತ್ತದೆ, ಗಟ್ಟಿಯಾಗುವಾಗ ಲೋಹದ ಹಾಗೆಯೇ ಮರ ಬೆಳೆಸುತ್ತದೆ. ಅದನ್ನು ಗಟ್ಟಿಯಾಗುವ ಬಿಸಿಗಿಂತ ಒಂದಿಷ್ಟೇ ಕೆಳಗೆ ತಣಿಸಿ, ನಡುವಿನಲ್ಲಿ ಒಂದು ಹರಳು ಹುಟ್ಟಿಸಿ, ಅದು ಬೆಳೆಯುವುದರ ಫೋಟೋ ತೆಗೆದರು. ಕೊಲಂಬಿಯಾ ನೌಕೆಯಲ್ಲಿ ಈ ಪ್ರಯೋಗ ಮೂರು ಸಲ ಹಾರಿತು: 1994, 1996, ಮತ್ತೆ 1997ರ ನವೆಂಬರ್. ಮೂರನೇ ಸಲ ವಸ್ತು ಬೇರೆ. ಆ ಮೂರನೇ ಪ್ರಯಾಣ ನಮಗೆಲ್ಲ ಗೊತ್ತಿರುವುದೇ, ಕಲ್ಪನಾ ಚಾವ್ಲಾ ಅವರ ಮೊದಲ ಹಾರಾಟ. ಅವರ ಫೋಟೋ ನಮ್ಮ ಶಾಲೆಗಳ ಗೋಡೆ ಮೇಲೆಲ್ಲ ಇದೆ. ಅದೇ ನೌಕೆಯಲ್ಲಿ ಹರಳಿನ ಮರಗಳೂ ಬೆಳೆದಿದ್ದವು ಅಂತ ನಾವು ಮಕ್ಕಳಿಗೆ ಹೇಳಿದ್ದೇವಾ?

ಕಂಡದ್ದು ಏನು ಅಂದರೆ, ಸ್ವಲ್ಪವೇ ತಣಿಸಿದಾಗ ನೆಲದ ಮೇಲೆ ಮರ ಬೇಗ ಬೇಗ ಬೆಳೆಯುತ್ತದೆ, ಅಂತರಿಕ್ಷದಲ್ಲಿ ನಿಧಾನ. ಹರಳು ಬೆಳೆಯುವಾಗ ಬಿಸಿ ಬಿಡುತ್ತದೆ. ನೆಲದ ಮೇಲೆ ಆ ಬಿಸಿ ದ್ರವ ತೇಲಿ ಮೇಲೆ ಹೋಗಿ ತಣ್ಣನೆಯದು ಬಂದು ತಾಗುತ್ತಿರುತ್ತದೆ, ಅದಕ್ಕೆ ಕೆಳಮುಖವಾದ ಕೊಂಬೆಗೆ ಮೇಲ್ಮುಖದ್ದಕ್ಕಿಂತ ಜಾಸ್ತಿ ಜೋರು. ಅಂತರಿಕ್ಷದಲ್ಲಿ ಎಲ್ಲ ಕೊಂಬೆಗೂ ಒಂದೇ ನ್ಯಾಯ. ಹರಳಿನ ಕೊಂಬೆಯ ತುದಿ ಹೇಗೆ ಬೆಳೆಯುತ್ತದೆ ಅಂತ ರಷ್ಯಾದ ವಿಜ್ಞಾನಿ ಇವಾಂತ್ಸೊವ್ 1947ರಲ್ಲಿ ಕಾಗದದ ಮೇಲೆ ಹಾಕಿದ್ದ ಲೆಕ್ಕವನ್ನು ದ್ರವದ ಹರಿವಿನ ಕಾಟ ಇಲ್ಲದೆ ಪರೀಕ್ಷಿಸಲು ಆದದ್ದು ಹೀಗೆ, ಸುಮಾರು ಐವತ್ತು ವರ್ಷ ಕಳೆದ ಮೇಲೆ.

ಇನ್ನೊಂದು ಪ್ರಯೋಗ ಸೀಸ ಮತ್ತು ತವರದ್ದು, ಅಂದರೆ ನಮ್ಮ ರೇಡಿಯೋ ರಿಪೇರಿಯವರ ಬೆಸುಗೆಯ ಲೋಹ. ಅರೆಕರಗಿದ ಸ್ಥಿತಿಯಲ್ಲಿ ತವರದ ಕಣಗಳು ಹಗುರ ಇರುವುದರಿಂದ ಭೂಮಿಯ ಮೇಲೆ ಮೇಲಕ್ಕೆ ಬಂದು ಗುಂಪಾಗುತ್ತವೆ, ಲೆಕ್ಕ ಕೆಡುತ್ತದೆ. ಅಂತರಿಕ್ಷದಲ್ಲಿ ಅವು ಇದ್ದಲ್ಲೇ ಇರುತ್ತವೆ. ಆಗ ದೊಡ್ಡ ಕಣ ಸಣ್ಣ ಕಣವನ್ನು ಕರಗಿಸಿ ತಾನು ದಪ್ಪ ಆಗುವುದನ್ನು ಅಳೆಯಬಹುದು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಕಥೆಯೇ. ಒಳಗೆ ಇಂಥ ಕಣಗಳಿರುವ ಲೋಹದ ಭಾಗ ಬಹಳ ಕಾಲ ಬಿಸಿಯಲ್ಲಿ ಕೆಲಸ ಮಾಡಿದರೆ ಒಳಗೆ ಇದೇ ನಡೆದು ಸತ್ವ ಕಳೆದುಕೊಳ್ಳುತ್ತದೆ. ವಿಮಾನದ ಎಂಜಿನ್ನಿನ ಬ್ಲೇಡಿಗೂ ಇದು ತಪ್ಪಿದ್ದಲ್ಲ.

2009ರ ಆಗಸ್ಟ್‌ನಲ್ಲಿ ಡಿಸ್ಕವರಿ ನೌಕೆ ನಿಲ್ದಾಣಕ್ಕೆ ಒಂದು ದೊಡ್ಡ ಲೋಹ ಪ್ರಯೋಗಾಲಯವನ್ನೇ ಹೊತ್ತುಕೊಂಡು ಹೋಯಿತು. ಯುರೋಪಿನವರು ಅದರ ಕುಲುಮೆಯಲ್ಲಿ ಶೇ. 7 ಸಿಲಿಕಾನ್ ಇರುವ ಅಲ್ಯೂಮಿನಿಯಂ ಕರಗಿಸಿ ಗಟ್ಟಿ ಮಾಡಿದ್ದಾರೆ. ಆ ಜಾತಿಯ ಅಲ್ಯೂಮಿನಿಯಂ ಕಾರಿನ ಅಲಾಯ್ ವ್ಹೀಲ್‌ಗೆ ಬಳಸುವಂಥದ್ದು. ಅವರ ಪ್ರಶ್ನೆ ಎಲ್ಲ ಎರಕದವರ ಪ್ರಶ್ನೆ. ಅಚ್ಚಿನ ಗೋಡೆಯಿಂದ ಒಳಕ್ಕೆ ಅಡಿಕೆ ಮರದ ಹಾಗೆ ನೆಟ್ಟಗೆ ಬೆಳೆಯುವ ಹರಳುಗಳು ಯಾವ ಗಳಿಗೆಯಲ್ಲಿ ನಿಂತು, ನಡುವೆ ಎಲ್ಲ ದಿಕ್ಕಿಗೂ ಹರಡುವ ಪೊದೆ ಹರಳುಗಳು ಶುರು ಆಗುತ್ತವೆ? ತುಂಡುಗಳನ್ನು ಕೆಳಗೆ ತಂದು ಕತ್ತರಿಸಿ, ಉಜ್ಜಿ, ಆಸಿಡ್ ತಾಗಿಸಿ ನೋಡುತ್ತಾರೆ. ನಾನು ಎಮರಿ ಕಾಗದದಲ್ಲಿ ಮಾಡಿದ್ದನ್ನೇ, ನನಗಿಂತ ಸಾವಿರ ಪಾಲು ಚೆನ್ನಾಗಿ.

2014ರಲ್ಲಿ ಯುರೋಪಿನ ಇನ್ನೊಂದು ಯಂತ್ರ ಹೋಯಿತು. ಅದರಲ್ಲಿ ಮೂಸೆಯೇ ಇಲ್ಲ. ಕರೆಂಟ್ ಹರಿಯುವ ತಂತಿ ಸುರುಳಿಯ ನಡುವೆ ಲೋಹದ ಗೋಲಿ ತೇಲುತ್ತಾ ಕರಗುತ್ತದೆ. ನೆಲದ ಮೇಲೂ ಹೀಗೆ ತೇಲಿಸಬಹುದು, ಆದರೆ ಭಾರ ಎತ್ತಿ ಹಿಡಿಯಲು ಬೇಕಾದ ಶಕ್ತಿಯೇ ಗೋಲಿಯನ್ನು ಕಲಕಿಬಿಡುತ್ತದೆ. ಮೇಲೆ ಸ್ವಲ್ಪ ಒತ್ತಿದರೆ ಸಾಕು. ಯಾವುದಕ್ಕೂ ತಾಗದ ಆ ಹನಿ ನಡುಗುವುದನ್ನು ನೋಡಿ ಕರಗಿದ ಲೋಹ ಎಷ್ಟು ಮಂದ, ಅದರ ಮೇಲ್ಮೈಯ ಬಿಗಿ ಎಷ್ಟು ಅಂತ ಅಳೆಯುತ್ತಾರೆ.

ಈ ಅಳತೆ ಯಾರಿಗೆ ಬೇಕು? ಈಗ ದೊಡ್ಡ ಫೌಂಡ್ರಿಗಳು ಅಚ್ಚು ಮಾಡುವ ಮೊದಲು ಕಂಪ್ಯೂಟರಿನಲ್ಲೇ ಎರಕ ಹೊಯ್ದು ನೋಡುತ್ತವೆ. ತೂತು ಎಲ್ಲಿ ಬಂದೀತು, ಯಾವ ಜಾಗ ಕೊನೆಗೆ ಗಟ್ಟಿಯಾದೀತು, ರೈಸರ್, ಅಂದರೆ ಕುಗ್ಗಿದ ಜಾಗಕ್ಕೆ ದ್ರವ ಉಣಿಸುವ ಹೆಚ್ಚುವರಿ ಗುಂಡಿ, ಎಲ್ಲಿ ಇಡಬೇಕು ಅಂತ ಅದು ಹೇಳುತ್ತದೆ. ಆ ಕಂಪ್ಯೂಟರಿಗೆ ನಾವು ಕೊಟ್ಟ ಅಂಕಿ ತಪ್ಪಾಗಿದ್ದರೆ ಅದು ಹೇಳುವುದೂ ತಪ್ಪೇ. ಆ ಪತ್ರ ಬರೆದವರು ಬಹುಶಃ ಮೇಲೆ ಲೋಹ ತಯಾರಿಸಿ ಕೆಳಗೆ ತಂದು ಮಾರುತ್ತಾರೆ ಅಂತ ತಿಳಿದಿರಬೇಕು. ಮೇಲಿನಿಂದ ಬರುವುದು ಮುಖ್ಯವಾಗಿ ಈ ಅಂಕಿಗಳು. ಅವು ಸರಿಯಾದರೆ ನೆಲದ ಮೇಲಿನ ಫೌಂಡ್ರಿಯ ಎರಕ ಸರಿಯಾಗುತ್ತದೆ. ಕೈಗಾದ ಪಂಪಿನ ಭಾಗ ಇರಲಿ, ಸೀಬರ್ಡ್ ನೌಕಾನೆಲೆಯ ಹಡಗಿನ ಭಾಗ ಇರಲಿ, ಬಾವಿಯ ಪಂಪ್‌ಸೆಟ್ಟಿನ ಇಂಪೆಲರ್ ಇರಲಿ, ಎರಕ ಹೊಯ್ದದ್ದಾದರೆ ಎಲ್ಲದರೊಳಗೂ ಆ ಮರಗಳು ಇವೆ.

ದುಬಾರಿ ಹೌದು, ಅದನ್ನು ಮುಚ್ಚಿಡುವುದಿಲ್ಲ. ಒಂದೊಂದು ತುಂಡಿಗೂ ವರ್ಷಗಟ್ಟಲೆ ತಯಾರಿ ಬೇಕು. ನಿಲ್ದಾಣದಲ್ಲೂ ಪೂರ್ತಿ ನಿಶ್ಚಲ ಇರುವುದಿಲ್ಲ. ಯಾನಿಗಳು ವ್ಯಾಯಾಮ ಮಾಡಿದರೆ, ಪಂಪ್ ತಿರುಗಿದರೆ ಸಣ್ಣ ನಡುಕ ಬಂದೇ ಬರುತ್ತದೆ. ಲೋಹ ಕುಗ್ಗುವುದೂ ಅಲ್ಲಿ ನಿಲ್ಲುವುದಿಲ್ಲ, ತೂತು ಅಲ್ಲೂ ಬರಬಹುದು. ಆದರೂ ಸೆಳೆತದ ಪಾಲು ಕಳೆದು ಉಳಿದದ್ದನ್ನು ಗಂಟೆಗಟ್ಟಲೆ ನೋಡಲು ಭೂಮಿಯ ಮೇಲೆ ಜಾಗ ಇಲ್ಲ.

ನಮ್ಮ ದೇಶವೂ ಇದರಲ್ಲಿ ಕೈ ಹಾಕಿದೆ, ಇದನ್ನು ನಾನು ಒತ್ತಿ ಹೇಳಬೇಕು. 2007ರ ಜನವರಿ 10ರಂದು ಇಸ್ರೋ ಒಂದು ಕ್ಯಾಪ್ಸೂಲ್ ಹಾರಿಸಿತು, ತೂಕ 550 ಕಿಲೋ. ಹನ್ನೆರಡು ದಿನ ಸುತ್ತಿ 22ರಂದು ಬಂಗಾಳ ಕೊಲ್ಲಿಯಲ್ಲಿ ಬಂದು ಬಿತ್ತು. ವಾಪಸ್ ತರುವುದು ಕಲಿತೆವು ಅಂತ ಆಗ ಎಲ್ಲ ಪತ್ರಿಕೆಗಳು ಬರೆದವು, ಸರಿಯೇ. ಅದರೊಳಗೆ ಒಂದು ಪುಟ್ಟ ಕುಲುಮೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರ ಸೇರಿ ಮಾಡಿದ್ದು. ಲೋಹ ಕರಗಿಸಿ ಹರಳುಗಟ್ಟಿಸುವುದೇ ಅದರ ಕೆಲಸ. ಕರ್ನಾಟಕದವರೂ ಸೇರಿ ಯೋಚನೆ ಮಾಡಿ ಕಳಿಸಿದ ಕುಲುಮೆ. ನನ್ನ ಪರಿಚಯದಲ್ಲಿ ಇದು ಗೊತ್ತಿರುವ ಒಬ್ಬರೂ ಸಿಕ್ಕಿಲ್ಲ.

ಬೀಜದ ಸುದ್ದಿ ಆದರೆ ಎಲ್ಲರಿಗೂ ಗೊತ್ತು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿಯ ಕೊನೆಯ ಹಂತದಲ್ಲಿ ಅಲಸಂದೆ ಕಾಳು ಮೊಳೆಯಿತು. 2025ರಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಹೆಸರು ಮತ್ತು ಮೆಂತ್ಯ ಮೊಳಕೆ ಬರಿಸಿದರು, ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗ. ನೀವೂ ಚಂದ ಫೋಟೋ ಹಾಕಿದ್ದಿರಿ. ನಮ್ಮ ಮನೆಯಲ್ಲಿ ಕತ್ತರಿಸಿ ಇಟ್ಟಿದ್ದಾರೆ. ಲೋಹದೊಳಗೂ ಹಾಗೇ ಮೊದಲು ಒಂದು ಬೀಜದಂಥ ಕಣ ಹುಟ್ಟಬೇಕು, ಅದು ಮೊಳೆಯಬೇಕು, ಕೊಂಬೆ ಬಿಡಬೇಕು. ಮೆಂತ್ಯದ ಮೊಳಕೆಗೆ ಸಿಕ್ಕ ಜಾಗದಲ್ಲಿ ಕಾಲು ಭಾಗ ಆ ಮೊಳಕೆಗೂ ಕೊಡಿ ಅಂತ ನನ್ನ ಕೇಳಿಕೆ.

2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಒಂದು ಲೋಹದ ಕುಲುಮೆ ಇರಲೇಬೇಕು, ಅದಕ್ಕೆ ಯಾವ ಮಿಶ್ರಲೋಹ ಕಳಿಸಬೇಕು ಅನ್ನುವಾಗ ನಮ್ಮ ಸಣ್ಣ ಫೌಂಡ್ರಿಗಳು ದಿನಾ ಹೊಯ್ಯುವ ಗನ್‌ಮೆಟಲ್, ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಪಟ್ಟಿಯಲ್ಲಿ ಇರಬೇಕು. ರಾಕೆಟ್ಟಿಗೆ ಬೇಕಾದ ದುಬಾರಿ ಲೋಹ ಮಾತ್ರ ಹೋದರೆ ಸಾಲದು. ಇದನ್ನು ಕೇಳುವವರು ವಿಜ್ಞಾನಿಗಳೇ ಆಗಬೇಕು ಅಂತೇನೂ ಇಲ್ಲ, ಮುರಿದ ಫ್ಯಾನ್ ನೋಡಿದವರೂ ಕೇಳಬಹುದು. ಹಾಗೆಯೇ ನಮ್ಮ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳಿಗೆ ಎರಕದ ಪಾಠ ಮಾಡುವಾಗ ಸುಮ್ನೆ ಬೋರ್ಡಿನ ಮೇಲೆ ಚಿತ್ರ ಬರೆಸಬೇಡಿ. ಗುಜರಿಯಿಂದ ಒಂದು ಮುರಿದ ತುಂಡು ತಂದು ಉಜ್ಜಿಸಿ. ಇನ್ನೂರು ರೂಪಾಯಿಯ ಖರ್ಚು. ಫೆರಿಕ್ ಕ್ಲೋರೈಡ್ ಕೈಗೆ ತಾಗಿದರೆ ಕಲೆ ಬೇಗ ಹೋಗುವುದಿಲ್ಲ, ಗ್ಲೌಸ್ ಹಾಕಿಸಿ, ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಜೂನ್ ಒಂದರಿಂದ ಜುಲೈ ಕೊನೆ ತನಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಎಲ್ಲ ದಡಕ್ಕೆ ಬಂದು ಫ್ಯಾನ್ ಬಿಚ್ಚಿರುತ್ತಾರೆ. ನನ್ನ ವರ್ಕ್‌ಶಾಪಿನಲ್ಲಿ ಆ ಹಳೆಯ ತುಂಡು ಈಗಲೂ ಬೆಂಚಿನ ಮೇಲಿದೆ, ಗಾಳಿ ತಾಗಿ ಕಪ್ಪಾಗದ ಹಾಗೆ ಎಣ್ಣೆ ಸವರಿ ಇಟ್ಟಿದ್ದೇನೆ. ಆ ಪತ್ರ ಬರೆದವರು ಕಾರವಾರದ ಕಡೆ ಬಂದರೆ ದಯವಿಟ್ಟು ಬೈತಖೋಲಕ್ಕೆ ಬನ್ನಿ. ಲೆನ್ಸ್ ನನ್ನ ಹತ್ತಿರ ಇದೆ. ಬೆಳಕು ಬೆಳಿಗ್ಗೆ ಒಂಬತ್ತರ ನಂತರ ಚೆನ್ನಾಗಿ ಬೀಳುತ್ತದೆ.

ಇತಿ ನಿಮ್ಮ ಓದುಗ,
ಬೈತಖೋಲ, ಕಾರವಾರ